ಹಲ್ಲು ಮುರಿದರೆ, ಬಿರುಕು ಬಿಟ್ಟರೆ, ಉದುರಿದರೆ ತಕ್ಷಣ ಏನು ಮಾಡಬೇಕು? ಪೈಠಣ, ನಾಶಿಕ ಯಾತ್ರಿಕರಿಗೂ ಬೇಕಾದ ಮಾಹಿತಿ

ಛತ್ರಪತಿ ಸಂಭಾಜಿನಗರ: ಗೋದಾವರಿ ದಡದ ಪೈಠಣ ಕನ್ನಡಿಗರಿಗೆ ಹೊಸ ಊರಲ್ಲ. ಶಾತವಾಹನರ ಪ್ರತಿಷ್ಠಾನಪುರ, ಸಂತ ಏಕನಾಥರ ಊರು, ಪೈಠಣಿ ಸೀರೆಯ ತವರು ಎಲ್ಲವೂ ಇದೇ. ಕನ್ನಡ ನಾಡಿನ ಉತ್ತರದ ಎಲ್ಲೆ ಎಂದು 9ನೇ ಶತಮಾನದ ಕವಿರಾಜಮಾರ್ಗ ಗುರುತಿಸಿದ್ದು ಇದೇ ಗೋದಾವರಿಯನ್ನು. ಶಿರಡಿ, ನಾಶಿಕ, ವೇರೂಳಕ್ಕೆ ಹೊರಟ ಕರ್ನಾಟಕದ ಅನೇಕ ಕುಟುಂಬಗಳು ಪೈಠಣಕ್ಕೂ ಹೋಗಿ ಬರುತ್ತವೆ.

ಇಂಥ ಪ್ರವಾಸದಲ್ಲಿ ನದಿ ಘಾಟಿನ ಒದ್ದೆ ಮೆಟ್ಟಿಲ ಮೇಲೆ ಮಗು ಜಾರಿ ಬಿದ್ದು ಮುಂದಿನ ಹಲ್ಲು ಕಿತ್ತು ಬಂದರೆ ಏನು ಮಾಡುತ್ತೀರಿ? ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇರುವುದು ಸುಮಾರು 50 ಕಿ.ಮೀ. ದೂರದ ಛತ್ರಪತಿ ಸಂಭಾಜಿನಗರದಲ್ಲಿ. ಹಳೆಯ ಹೆಸರು ಔರಂಗಾಬಾದ್. ವಾಹನ ಹಿಡಿದು ಅಲ್ಲಿಗೆ ಮುಟ್ಟಲು ಒಂದು ಗಂಟೆ ಬೇಕೇ ಬೇಕು. ಬಾಯಿಂದ ಹೊರಬಿದ್ದ ಹಲ್ಲು ಒಣಗಿದ ಸ್ಥಿತಿಯಲ್ಲಿ ಉಳಿಯುವ ಗಡುವು ಕೂಡ ಹೆಚ್ಚೆಂದರೆ ಅಷ್ಟೇ. ಅಂದರೆ ಹಲ್ಲು ಉಳಿಯುತ್ತದೆಯೋ ಇಲ್ಲವೋ ಎಂಬುದು ಬಿದ್ದ ಜಾಗದಲ್ಲೇ, ಮೊದಲ ಕೆಲವು ನಿಮಿಷಗಳಲ್ಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಕರ್ನಾಟಕದ ಹಳ್ಳಿ, ತಾಲೂಕುಗಳಲ್ಲಿ ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಮುರಿದ ಹಲ್ಲು ತಾನಾಗಿ ಕೂಡುವುದಿಲ್ಲ, ಏಕೆ?

ಮುರಿದ ಮೂಳೆ ಕೂಡುತ್ತದೆ, ಹಲ್ಲು ಕೂಡುವುದಿಲ್ಲ. ಹಲ್ಲಿನ ಹೊರಗವಚವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜಾಂಶ. ಅದರಲ್ಲಿ ಜೀವಕೋಶಗಳಿಲ್ಲ, ಹಾಗಾಗಿ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಪದರ ಡೆಂಟಿನ್. ಇದರ ತುಂಬ ಸೂಕ್ಷ್ಮ ನಳಿಕೆಗಳಿವೆ. ಎನಾಮೆಲ್ ಒಡೆದಾಗ ತಣ್ಣೀರು ಜುಂ ಎನ್ನುವುದು ಈ ನಳಿಕೆಗಳ ಮೂಲಕ. ಎಲ್ಲಕ್ಕಿಂತ ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು, ಅಂದರೆ ಪಲ್ಪ್ ಇದೆ. ಪೆಟ್ಟು ಯಾವ ಪದರದವರೆಗೆ ಹೋಗಿದೆ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ.

ಮೊದಲ 10 ನಿಮಿಷ: ಪ್ರಥಮ ಚಿಕಿತ್ಸೆ

* ಮೊದಲು ಗಾಯಾಳುವನ್ನು ನೋಡಿ, ಆಮೇಲೆ ಹಲ್ಲನ್ನು. ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ, ಉಸಿರಾಟಕ್ಕೆ ತೊಂದರೆಯಾದರೆ, ದವಡೆ ಸರಿಯಾಗಿ ಮುಚ್ಚಲಾಗದಿದ್ದರೆ 108ಕ್ಕೆ ಕರೆ ಮಾಡಿ. ಈ ಸಂಖ್ಯೆ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಇದೆ.
* ಬಾಯಿಯನ್ನು ನೀರಿನಿಂದ ಮೆಲ್ಲಗೆ ಮುಕ್ಕಳಿಸಿ. ರಕ್ತ ಬರುತ್ತಿದ್ದರೆ ಶುಚಿಯಾದ ಬಟ್ಟೆಯನ್ನು ಒತ್ತಿ ಹಿಡಿಯಿರಿ. 10-15 ನಿಮಿಷ ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.
* ಊತ ಇಳಿಯಲು ಕೆನ್ನೆಯ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ.
* ಮುರಿದ ಚೂರುಗಳನ್ನು ಹುಡುಕಿ ಎತ್ತಿಟ್ಟುಕೊಳ್ಳಿ. ಚೂರು ಸಿಗದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅದು ತುಟಿಯೊಳಗೆ ಸಿಕ್ಕಿಕೊಂಡಿರಬಹುದು ಅಥವಾ ಶ್ವಾಸನಾಳಕ್ಕೆ ಇಳಿದಿರಬಹುದು. ಬಿಡದೆ ಕೆಮ್ಮು ಬರುತ್ತಿದ್ದರೆ ನಿರ್ಲಕ್ಷ್ಯ ಬೇಡ.
* ನೋವಿಗೆ ವೈದ್ಯರು ಬೇಡವೆಂದಿರದಿದ್ದರೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಮಾತ್ರೆಯನ್ನು ಪುಡಿ ಮಾಡಿ ವಸಡಿಗೆ ಒತ್ತುವ ಅಭ್ಯಾಸವಂತೂ ಬೇಡ, ವಸಡು ಸುಡುತ್ತದೆ.
* ಮನೆಯ ಗಮ್, ಫೆವಿಕ್ವಿಕ್ ಬಳಸಿ ಚೂರನ್ನು ಅಂಟಿಸಬೇಡಿ.
* ಒಡೆದ ಅಂಚು ನಾಲಿಗೆ ಕೊಯ್ಯುತ್ತಿದ್ದರೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಥವಾ ಔಷಧಿ ಅಂಗಡಿಯ ದಂತ ಮೇಣವನ್ನು ತಾತ್ಕಾಲಿಕವಾಗಿ ಮೆತ್ತಬಹುದು.

ಇಡೀ ಹಲ್ಲು ಬೇರುಸಹಿತ ಹೊರಬಂದರೆ

ದಂತ ಚಿಕಿತ್ಸೆಯಲ್ಲಿ ನಿಮಿಷಗಳ ಲೆಕ್ಕ ಇಡಬೇಕಾದ ತುರ್ತು ಪರಿಸ್ಥಿತಿ ಇದು. ಬೇರಿನ ಮೇಲೆ ತೆಳುವಾದ ಜೀವಂತ ಪೊರೆ ಇರುತ್ತದೆ. ಅದರ ಜೀವಕೋಶಗಳು ಉಳಿದರೆ ಮಾತ್ರ ಹಲ್ಲು ಮತ್ತೆ ದವಡೆಗೆ ಸಹಜವಾಗಿ ಅಂಟಿಕೊಳ್ಳುತ್ತದೆ. ಸುಮಾರು 15 ನಿಮಿಷದೊಳಗೆ ಮರಳಿ ಕೂರಿಸಿದರೆ ಆ ಕೋಶಗಳು ಉಳಿಯುವ ಸಾಧ್ಯತೆ ಅತಿ ಹೆಚ್ಚು. 60 ನಿಮಿಷ ಒಣಗಿದರೆ ಬಹುತೇಕ ಸತ್ತುಹೋಗುತ್ತವೆ.

1. ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ, ಕೆರೆಯಬೇಡಿ.
2. ಮಣ್ಣು ಮೆತ್ತಿದ್ದರೆ ಹಾಲು ಅಥವಾ ಸಲೈನ್‌ನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಸೋಪು, ಡೆಟಾಲ್ ತಾಗಿಸಬೇಡಿ.
3. ಅದು ಶಾಶ್ವತ ಹಲ್ಲಾಗಿದ್ದು, ಗಾಯಾಳು ಎಚ್ಚರದಲ್ಲಿದ್ದರೆ, ಅದೇ ಗುಳಿಗೆ ಅದೇ ದಿಕ್ಕಿನಲ್ಲಿ ಮೆಲ್ಲಗೆ ಒತ್ತಿ ಕೂರಿಸಿ. ನಂತರ ಕರವಸ್ತ್ರ ಕಚ್ಚಿಕೊಂಡು ವೈದ್ಯರ ಬಳಿ ಹೋಗಬೇಕು.
4. ಕೂರಿಸಲು ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಡಿ. ಹತ್ತಿರದ ಚಹಾ ಅಂಗಡಿಯಲ್ಲಿ ಒಂದು ಲೋಟ ಹಾಲು ಸಿಕ್ಕರೂ ಸಾಕು. ಹಾಲಿಲ್ಲದಿದ್ದರೆ ಗಾಯಾಳುವಿನ ಜೊಲ್ಲನ್ನೇ ಲೋಟದಲ್ಲಿ ಉಗುಳಿಸಿ ಅದರಲ್ಲಿಡಿ, ಅಥವಾ ಸಲೈನ್ ಬಳಸಿ.
5. ಬರಿ ನೀರಿನಲ್ಲಿ ಬೇರಿನ ಕೋಶಗಳು ಉಬ್ಬಿ ಸಾಯುತ್ತವೆ. ಬೇರೇನೂ ಸಿಗದಿದ್ದಾಗ ಮಾತ್ರ ನೀರು, ಏಕೆಂದರೆ ಒಣಗಿಸುವುದು ಅದಕ್ಕಿಂತ ಕೆಟ್ಟದ್ದು. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು ಜನ ಸಾಮಾನ್ಯವಾಗಿ ಮಾಡುವ ತಪ್ಪು.

ಎಳನೀರಿನ ಬಗ್ಗೆಯೂ ಪ್ರಯೋಗಾಲಯದಲ್ಲಿ ಅಧ್ಯಯನಗಳು ನಡೆದಿವೆ. ಆದರೆ ಎಳನೀರಿಗೆ ಆಮ್ಲೀಯ ಗುಣವಿದೆ. ಎಲ್ಲೆಡೆ ಸುಲಭವಾಗಿ ಸಿಗುವ ಹಾಲನ್ನೇ ತಜ್ಞರ ಮಾರ್ಗಸೂಚಿಗಳು ಶಿಫಾರಸು ಮಾಡುತ್ತವೆ.

ವೈದ್ಯರು ಹಲ್ಲನ್ನು ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ಬಾಗುವ ತೆಳು ತಂತಿಯಿಂದ ಸುಮಾರು 2 ವಾರ ಕಟ್ಟುತ್ತಾರೆ. ಬೇರು ಪೂರ್ಣ ಬೆಳೆದ ಹಲ್ಲಾದರೆ ಈ 2 ವಾರದೊಳಗೆ ರೂಟ್ ಕೆನಾಲ್ ಆರಂಭವಾಗುತ್ತದೆ. ಮಣ್ಣು ತಾಗಿದ್ದರೆ ಧನುರ್ವಾಯು ಲಸಿಕೆ ಬೇಕೇ ಎಂದು ಕೇಳಿ. ಒಂದು ಗಂಟೆ ಮೀರಿದೆ ಎಂದು ಹಲ್ಲನ್ನು ಎಸೆಯಬೇಡಿ. ತಡವಾಗಿ ಕೂರಿಸಿದ ಹಲ್ಲು ಕೂಡ ಕೆಲವು ವರ್ಷ ಜಾಗ ಮತ್ತು ಮೂಳೆಯನ್ನು ಕಾಪಾಡಬಲ್ಲದು. ಬೆಳೆಯುವ ಮಕ್ಕಳಿಗೆ ಇದು ದೊಡ್ಡ ಲಾಭ.

ಹಾಲುಹಲ್ಲಾದರೆ ಮರಳಿ ಕೂರಿಸಬೇಡಿ

ಮಕ್ಕಳ 20 ಹಾಲುಹಲ್ಲುಗಳಲ್ಲಿ ಯಾವುದಾದರೂ ಕಿತ್ತು ಬಂದರೆ ಅದನ್ನು ಮರಳಿ ಗುಳಿಗೆ ಒತ್ತಬಾರದು. ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ಮೇಲಿನ ಮುಂದಿನ ಎರಡು ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ 7-8 ವರ್ಷಕ್ಕೆ ಹುಟ್ಟುತ್ತವೆ. 4 ವರ್ಷದ ಮಗುವಿನದು ಹಾಲುಹಲ್ಲು, 9 ವರ್ಷದ ಮಗುವಿನ ಮುಂದಿನ ಹಲ್ಲು ಶಾಶ್ವತ ಎಂದು ನೆನಪಿಟ್ಟರೆ ಗೊಂದಲವಾಗದು.

ಯಾವ ಪೆಟ್ಟಿಗೆ ಯಾವ ಚಿಕಿತ್ಸೆ?

*ಅಂಚು ಮಾತ್ರ ಚಕ್ಕೆ ಎದ್ದಿದ್ದರೆ:* ಎನಾಮೆಲ್ ಮಾತ್ರ ಹೋಗಿದ್ದರೆ ನೋವಿರುವುದಿಲ್ಲ. ಅಂಚನ್ನು ನಯಗೊಳಿಸುವುದು ಅಥವಾ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬುವುದು ಸಾಕು. ಹೆಚ್ಚಾಗಿ ಒಂದೇ ಭೇಟಿಯಲ್ಲಿ ಮುಗಿಯುತ್ತದೆ.

*ಡೆಂಟಿನ್‌ವರೆಗೆ ಮುರಿದಿದ್ದರೆ:* ಒಳಗೆ ಹಳದಿ ಛಾಯೆ ಕಾಣುತ್ತದೆ, ತಣ್ಣಗಿನದು ಜುಂ ಎನ್ನುತ್ತದೆ. ಚೂರು ಸಿಕ್ಕಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು. ಬಣ್ಣ, ಆಕಾರ ಎರಡೂ ಸ್ವಂತದ್ದೇ ಆಗಿರುವುದರಿಂದ ಇದಕ್ಕಿಂತ ಸಹಜ ರಿಪೇರಿ ಇನ್ನೊಂದಿಲ್ಲ. ಬೇರಿಲ್ಲದ ಇಂಥ ಚೂರನ್ನು ನೀರಿನಲ್ಲಿಟ್ಟರೂ ತೊಂದರೆಯಿಲ್ಲ, ಒಣಗದಿದ್ದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಚೂರು ಸಿಗದಿದ್ದರೆ ಕಾಂಪೋಸಿಟ್ ಅಥವಾ ವಿನೀರ್ ಹಾಕುತ್ತಾರೆ.

*ತಿರುಳು ಹೊರಕಂಡರೆ:* ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಅಥವಾ ರಕ್ತ ಕಾಣುತ್ತದೆ. ಅದೇ ದಿನ ವೈದ್ಯರನ್ನು ಕಾಣಬೇಕು. ಬೇರು ಇನ್ನೂ ಬೆಳೆಯುತ್ತಿರುವ ಮಕ್ಕಳಲ್ಲಿ ಮೇಲಿನ ಸುಮಾರು 2 ಮಿ.ಮೀ. ತಿರುಳನ್ನಷ್ಟೇ ತೆಗೆದು ಔಷಧಿಯಿಂದ ಮುಚ್ಚಿ, ಹಲ್ಲನ್ನು ಜೀವಂತವಾಗಿ ಉಳಿಸುವ ವಿಧಾನವಿದೆ. ಆದ್ದರಿಂದ ಮಕ್ಕಳಿಗೆ ರೂಟ್ ಕೆನಾಲ್ ಎಂದಾಗ ಬೇರೆ ದಾರಿ ಇದೆಯೇ ಎಂದು ಕೇಳುವುದು ತಪ್ಪಲ್ಲ. ದೊಡ್ಡವರಲ್ಲಿ ಅನೇಕ ಬಾರಿ ರೂಟ್ ಕೆನಾಲ್ ಮತ್ತು ಕ್ಯಾಪ್ ಬೇಕಾಗುತ್ತದೆ.

*ಬೇರು ಮುರಿದಿದ್ದರೆ:* ಹೊರಗೆ ಏನೂ ಕಾಣದೆ ಹಲ್ಲು ಅಲುಗಾಡಬಹುದು. ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಅಡ್ಡವಾಗಿ ಮುರಿದ ಬೇರು ಕೆಲವು ವಾರ ಕಟ್ಟಿಟ್ಟರೆ ಉಳಿಯಬಹುದು. ಉದ್ದುದ್ದ ಸೀಳಿದ ಬೇರನ್ನು ಸಾಮಾನ್ಯವಾಗಿ ಕೀಳಬೇಕಾಗುತ್ತದೆ.

ಕಣ್ಣಿಗೆ ಕಾಣದ ಬಿರುಕು

ಅಗಿಯುವಾಗ ಒಮ್ಮೊಮ್ಮೆ ಮಿಂಚಿನಂತೆ ನೋವು ಬಂದು ಹೋಗುತ್ತದೆ. ಕಚ್ಚಿದಾಗಿಗಿಂತ ಕಚ್ಚಿದ್ದನ್ನು ಬಿಟ್ಟಾಗ ಹೆಚ್ಚು ನೋವು. ಹುಳುಕಿಲ್ಲ, ಎಕ್ಸ್‌ರೇಯಲ್ಲೂ ಏನೂ ಇಲ್ಲ. ಇದು ಬಿರುಕು ಬಿಟ್ಟ ಹಲ್ಲಿನ ಲಕ್ಷಣ. ಮೂಳೆ, ನರದ ನೋವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಹಲ್ಲಿನ ಒಂದೊಂದು ಮೂಲೆಯನ್ನು ಕಚ್ಚಿಸಿ ನೋಡುವುದು, ಬೆಳಕು ಹಾಯಿಸುವುದು, ಬಣ್ಣ ಹಚ್ಚುವುದು ಇವೇ ಬಿರುಕು ಪತ್ತೆಯ ಮಾರ್ಗ.

ದೊಡ್ಡ ಹಳೆಯ ಫಿಲ್ಲಿಂಗ್ ಇರುವ ದವಡೆ ಹಲ್ಲುಗಳಲ್ಲಿ, ರಾತ್ರಿ ಹಲ್ಲು ಕಡಿಯುವವರಲ್ಲಿ ಬಿರುಕು ಹೆಚ್ಚು. ಬೇಗ ಪತ್ತೆಯಾದರೆ ಹಲ್ಲನ್ನು ಸುತ್ತುಗಟ್ಟುವ ಕ್ಯಾಪ್ ಹಾಕಿ ಬಿರುಕು ಮುಂದುವರಿಯದಂತೆ ತಡೆಯಬಹುದು. ಬಿರುಕು ವಸಡಿನ ಕೆಳಗಿಳಿದು ಹಲ್ಲು ಎರಡು ಹೋಳಾದರೆ ಇಡೀ ಹಲ್ಲನ್ನು ಉಳಿಸಲಾಗದು. ಆದರೆ ಮುಂದಿನ ಹಲ್ಲುಗಳ ಮೇಲೆ ವಯಸ್ಸಾದಂತೆ ಕಾಣುವ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಿಲ್ಲ. ಅವು ಎನಾಮೆಲ್‌ಗಷ್ಟೇ ಸೀಮಿತ, ಚಿಕಿತ್ಸೆ ಬೇಕಾಗುವುದು ಅಪರೂಪ.

ಇಷ್ಟು ಚಿಕಿತ್ಸೆ ಸಾಧ್ಯವಾಗಿದ್ದು ಹೇಗೆ?

1955ರಲ್ಲಿ ಅಮೆರಿಕದ ಮೈಕಲ್ ಬ್ಯುನೊಕೋರ್, ಎನಾಮೆಲ್ ಮೇಲೆ ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಮೇಲ್ಮೈ ತರಿತರಿಯಾಗಿ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. 1962ರಲ್ಲಿ ರಾಫೆಲ್ ಬೋವೆನ್ ಹೊಸ ಬಗೆಯ ರಾಳಕ್ಕೆ ಪೇಟೆಂಟ್ ಪಡೆದರು. ಇಂದಿನ ಕಾಂಪೋಸಿಟ್‌ಗೆ ಅದೇ ತಳಹದಿ. 1965ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಅಳವಡಿಸಿದರು. ಇಂಪ್ಲಾಂಟ್ ಅನ್ನು ದವಡೆಯ ಬೆಳವಣಿಗೆ ಮುಗಿಯುವವರೆಗೆ ಮಕ್ಕಳಿಗೆ ಹಾಕುವುದಿಲ್ಲ. 9 ವರ್ಷಕ್ಕೆ ಹಲ್ಲು ಕಳೆದುಕೊಂಡ ಮಗು ಹತ್ತು ವರ್ಷ ಕಾಯಬೇಕಾಗಬಹುದು. ಆ ಲೋಟ ಹಾಲಿನ ಬೆಲೆ ಇಲ್ಲಿ ತಿಳಿಯುತ್ತದೆ.

ಎಲ್ಲಿಗೆ ಹೋಗಬೇಕು?

ಹಲ್ಲು ಉದುರಿದಾಗ ಮೊದಲ ಆಯ್ಕೆ ದೊಡ್ಡ ಆಸ್ಪತ್ರೆಯಲ್ಲ, ಅತಿ ಹತ್ತಿರದ ದಂತ ವೈದ್ಯರು. ಪೈಠಣದಿಂದ ಹೊರಟವರಿಗೆ ಛತ್ರಪತಿ ಸಂಭಾಜಿನಗರದಲ್ಲಿ ಸರ್ಕಾರಿ ದಂತ ಕಾಲೇಜು ಆಸ್ಪತ್ರೆ ಇದೆ. ನಗರ ಪ್ರವೇಶಕ್ಕೆ ಮುನ್ನ ಪೈಠಣ ರಸ್ತೆಯ ಕಾಂಚನವಾಡಿಯಲ್ಲಿ ಸಿಎಸ್‌ಎಂಎಸ್‌ಎಸ್ ದಂತ ಕಾಲೇಜು ಸಿಗುತ್ತದೆ. ನಾಶಿಕದ ಪಂಚವಟಿಯಲ್ಲಿ ಕೆಬಿಎಚ್ ದಂತ ಕಾಲೇಜು ಇದೆ. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಸೇರಿದಂತೆ ಹಲವು ಜಿಲ್ಲೆಗಳಲ್ಲಿ ದಂತ ಕಾಲೇಜುಗಳಿವೆ. ಬೋಧನಾ ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ. ರಾತ್ರಿ ಮತ್ತು ರಜಾ ದಿನಗಳಲ್ಲಿ ಹೋಗುವ ಮುನ್ನ ಫೋನ್ ಮಾಡಿ ವಿಚಾರಿಸಿ.

ಕಾನೂನಿನ ಕಣ್ಣಲ್ಲಿ ಹಲ್ಲು

ಹೊಡೆದಾಟ ಅಥವಾ ಅಪಘಾತದಲ್ಲಿ ಹಲ್ಲು ಮುರಿದಿದ್ದರೆ ವೈದ್ಯರ ಲಿಖಿತ ದಾಖಲೆ, ಎಕ್ಸ್‌ರೇ ಜೋಪಾನವಾಗಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಮೂಳೆ ಮುರಿತದಂತೆ ಹಲ್ಲು ಮುರಿಯುವುದು, ಸ್ಥಾನ ತಪ್ಪುವುದು ಕೂಡ ತೀವ್ರ ಗಾಯವೇ. ಹಿಂದಿನ ಐಪಿಸಿ 320ನೇ ಕಲಂ ಕೂಡ ಹೀಗೇ ಹೇಳುತ್ತಿತ್ತು.

ಹಲ್ಲು ಮುರಿಯದಂತೆ ಹೀಗೆ ಮಾಡಿ

* ಅಡಿಕೆಗೆ ಅಡಕತ್ತರಿ ಇದೆ, ಬಾಟಲಿಗೆ ಓಪನರ್ ಇದೆ. ಆ ಕೆಲಸ ಹಲ್ಲಿಗೆ ಕೊಡಬೇಡಿ. ಮಂಜುಗಡ್ಡೆ ಕಡಿಯುವ, ಗಟ್ಟಿ ಕಬ್ಬನ್ನು ಹಲ್ಲಿನಲ್ಲಿ ಸೀಳುವ ಅಭ್ಯಾಸವೂ ಒಳ್ಳೆಯದಲ್ಲ.
* ಬೈಕ್‌ನಲ್ಲಿ ಗಲ್ಲ ಮುಚ್ಚುವ ಪೂರ್ಣ ಹೆಲ್ಮೆಟ್ ಧರಿಸಿ. ಅರ್ಧ ಹೆಲ್ಮೆಟ್ ಹಲ್ಲನ್ನು ಕಾಯುವುದಿಲ್ಲ.
* ಕಬಡ್ಡಿ, ಹಾಕಿ, ಬಾಕ್ಸಿಂಗ್ ಆಡುವ ಮಕ್ಕಳಿಗೆ ಮೌತ್‌ಗಾರ್ಡ್ ಕೊಡಿಸಿ.
* ಮೇಲಿನ ಹಲ್ಲು ಮುಂದೆ ಚಾಚಿರುವ ಮಕ್ಕಳಿಗೆ ಬಿದ್ದಾಗ ಪೆಟ್ಟಾಗುವ ಅಪಾಯ ಹೆಚ್ಚು. ಬೇಗ ತೋರಿಸಿ.
* ರಾತ್ರಿ ಹಲ್ಲು ಕಡಿಯುವವರು ನೈಟ್ ಗಾರ್ಡ್ ಬಗ್ಗೆ ವೈದ್ಯರನ್ನು ಕೇಳಿ.

ರಿಪೇರಿಯ ನಂತರ

ಪೆಟ್ಟು ಬಿದ್ದ ಹಲ್ಲಿನ ತಿರುಳು ತಿಂಗಳುಗಳ ನಂತರವೂ ಸಾಯಬಹುದು. ಹಲ್ಲು ಬೂದು ಬಣ್ಣಕ್ಕೆ ತಿರುಗುವುದು, ವಸಡಿನಲ್ಲಿ ಗುಳ್ಳೆ ಏಳುವುದು, ಬಿಸಿ ತಾಗಿದರೆ ನೋವು ನಿಲ್ಲದಿರುವುದು ಅದರ ಸೂಚನೆ. ನೋವಿಲ್ಲ ಎಂದು ಮರುಭೇಟಿ ತಪ್ಪಿಸಬೇಡಿ. ಮುಖದ ಊತ ಕಣ್ಣಿನತ್ತ ಅಥವಾ ಕುತ್ತಿಗೆಯತ್ತ ಹಬ್ಬಿದರೆ, ನುಂಗಲು ಕಷ್ಟವಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರವಾಸಕ್ಕೆ ಹೊರಡುವ ಮುನ್ನ ಮನೆಮಂದಿಗೆಲ್ಲ ಇಷ್ಟು ಹೇಳಿಡಿ: ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ, ಗುಳಿಗೆ ಕೂರಿಸಿ, ಆಗದಿದ್ದರೆ ಹಾಲಿನಲ್ಲಿಡಿ, ಒಂದು ಗಂಟೆಯೊಳಗೆ ದಂತ ವೈದ್ಯರನ್ನು ಕಾಣಿ.