ಆಂಟೀಟಮ್: ಯುದ್ಧದ ಗುರಿ ಬದಲಿಸಿದ ಕಾಳಗ

ಅಮೆರಿಕದ ಅಂತರ್ಯುದ್ಧದ ತಿರುವು ಯಾವುದೆಂದು ಕೇಳಿದರೆ ಗೆಟಿಸ್‌ಬರ್ಗ್‌ನ ಹೆಸರು ಮೊದಲು ಬರುವುದು ಸಹಜ. ಆದರೆ ಆ ಯುದ್ಧದ ಗುರಿಯನ್ನೇ ಬದಲಿಸಿದ ಕಾಳಗ ಅದಕ್ಕೂ ಮುಂಚಿನದು.

1861ರ ಏಪ್ರಿಲ್‌ನಲ್ಲಿ ದಕ್ಷಿಣದವರು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದಾಗ ಅಧ್ಯಕ್ಷ ಲಿಂಕನ್ನರು ಶಸ್ತ್ರ ಹಿಡಿದುದು ಒಕ್ಕೂಟದ ರಕ್ಷಣೆಗಾಗಿ. ಗುಲಾಮರ ವಿಮೋಚನೆ ಆಗಿನ್ನೂ ಯುದ್ಧದ ಘೋಷಿತ ಗುರಿಯಾಗಿರಲಿಲ್ಲ. 1862ರ ಜುಲೈನಲ್ಲಿ ಅವರು ವಿಮೋಚನೆಯ ಘೋಷಣೆಯನ್ನು ಸಿದ್ಧಪಡಿಸಿದರು. ಸೋಲುಗಳ ನಡುವೆ ಹೊರಡಿಸಿದರೆ ಅದು ಹತಾಶರ ಮಾತೆನಿಸೀತೆಂದು ಜಯಕ್ಕಾಗಿ ಕಾದರು.

ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆಂಟೀಟಮ್ ಹಳ್ಳದ ಬಳಿ ಒಂದೇ ದಿನದಲ್ಲಿ ಉಭಯ ಪಕ್ಷಗಳ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಉತ್ತರದವರಿಗೆ ಪೂರ್ಣ ವಿಜಯ ದೊರೆಯದಿದ್ದರೂ ಸೇನಾನಿ ಲೀ ಹಿಮ್ಮೆಟ್ಟಿದನು. ಐದು ದಿನಗಳಲ್ಲಿಯೇ ಘೋಷಣೆ ಹೊರಬಿದ್ದಿತು. 1863ರ ಜನವರಿ 1ರಿಂದ, ದಂಗೆಯೆದ್ದ ಪ್ರದೇಶಗಳ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಲಾಯಿತು.

ಅಂದಿನಿಂದ ದಕ್ಷಿಣಕ್ಕೆ ಮಾನ್ಯತೆ ನೀಡುವುದು ಬ್ರಿಟನ್ನಿಗೆ ಕಠಿಣವಾಯಿತು. ಮುಂದೆ ಸುಮಾರು 1,80,000 ಕಪ್ಪು ಜನಾಂಗದ ಯೋಧರು ಉತ್ತರದ ಸೇನೆಯಲ್ಲಿ ಹೋರಾಡಿದರು. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್‌ಗಳ ಜಯಗಳು ದಕ್ಷಿಣದ ಬಲವನ್ನು ಮುರಿದವು. 1865ರ ಏಪ್ರಿಲ್ 9ರಂದು ಲೀ ಶರಣಾದನು. ಅದೇ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ದೇಶದಾದ್ಯಂತ ನಿಷೇಧಿಸಿತು.

ಗೆಟಿಸ್‌ಬರ್ಗ್ ಯುದ್ಧದ ಗತಿಯನ್ನು ತಿರುಗಿಸಿತು. ಆ ಯುದ್ಧಕ್ಕೆ ನೈತಿಕ ಅರ್ಥವನ್ನು ಕೊಟ್ಟುದು ಆಂಟೀಟಮ್.