ಬೂದಿಹಾಳದ ಬೂದಿ, ಕಪ್ಪಗಲ್ಲಿನ ಗೂಳಿ

ಬಂಡೆ ಕಂಡರೆ ಅಕ್ಷರ ಇದೆಯಾ ಅಂತ ನೋಡೋದು ನನ್ನ ಚಾಳಿ. ಅದನ್ನು ಬಿಡಿಸಿದ್ದು ಸುರಪುರ ಸೀಮೆಯ ಬೂದಿಹಾಳ. ಅಲ್ಲಿನ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟದ್ದು, ಕೆ. ಪದ್ದಯ್ಯನವರ ಉತ್ಖನನದಲ್ಲಿ ದನದ ದೊಡ್ಡಿ, ಮಾಂಸ ಕೊಯ್ದ ಜಾಗ ಎರಡೂ ಸಿಕ್ಕವು. ಬರೀ ಗೊಬ್ಬರವಾಗಿದ್ದರೆ ಹೊಲಕ್ಕೆ ಹೋಗುತ್ತಿತ್ತಲ್ಲ, ಯಾಕೆ ಸುಟ್ಟರು?

ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡ ನೋಡಿದರೆ ಸ್ವಲ್ಪ ಹೊಳೆಯುತ್ತದೆ. ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಉದ್ದಕೊಂಬಿನ, ಹಿಣಿಲಿನ ದನಗಳೇ ದನಗಳು. ಕೆಲವಂತೂ ನಿಲ್ಲಲೂ ತಾವಿಲ್ಲದ ಎತ್ತರದಲ್ಲಿ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ. ಎಲ್ಲವೂ ಒಂದೇ ಕಾಲದ್ದಲ್ಲ ನಿಜ, ಆದರೆ ದನವೇ ಇವರ ಲೋಕ ಅನ್ನೋದು ನನ್ನ ಓದು.

2004ರಲ್ಲಿ ನಿಕೋಲ್ ಬೋವಿನ್ ಇದರ ಬಗ್ಗೆ ಬರೆಯುವಾಗಲೇ ಕಲ್ಲುಗಣಿ ಗುಡ್ಡವನ್ನು ತಿನ್ನುತ್ತಿತ್ತು. ಒಡೆದ ಶಾಸನಕ್ಕೆ ಹಳೆಯ ಪಡಿಯಚ್ಚಾದರೂ ಇರುತ್ತದೆ. ಜಲ್ಲಿಯಾದ ಗೂಳಿಗೆ?