ಪಶ್ಚಿಮತಾನಾಸನದಲ್ಲಿ ಪಾದವಿನ್ಯಾಸ: ಗ್ರಂಥಪಾಠ, ಮೈಸೂರು ಪರಂಪರೆ ಮತ್ತು ಧಾರವಾಡ ಪರಿಸರ

ಧಾರವಾಡ ತಾಲ್ಲೂಕಿನ ಗರಗ ಗ್ರಾಮವು ಮಡಿವಾಳೇಶ್ವರರ ಕಲ್ಮಠದಿಂದಲೂ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯ ನೇಯ್ಗೆಯಿಂದಲೂ ನಾಡಿಗೆ ಪರಿಚಿತವಾಗಿದೆ. ಪ್ರಸ್ತುತ ಲೇಖನದ ಹುಟ್ಟಿಗೆ ಕಾರಣವಾದದ್ದು ಮಾತ್ರ ಆ ಊರಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಕೆಲವು ವರ್ಷಗಳ ಹಿಂದೆ ಅಲ್ಲಿ ಮಕ್ಕಳಿಗೆ ಯೋಗಾಭ್ಯಾಸ ನಡೆಯುತ್ತಿತ್ತು. ಎಲ್ಲರೂ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮತಾನಾಸನದಲ್ಲಿದ್ದರು. ಶಿಕ್ಷಕರೊಬ್ಬರು ಹಿಮ್ಮಡಿ, ಹೆಬ್ಬೆರಳುಗಳೆರಡೂ ಕೂಡಿರಬೇಕೆಂದು ತಿದ್ದುತ್ತ ಸಾಗಿದರು. ಅವರ ಹಿಂದೆಯೇ ಬಂದ ಇನ್ನೊಬ್ಬರು ಪಾದಗಳ ನಡುವೆ ಗೇಣಂತರ ಬಿಡಿಸಿದರು. ಶಾಸ್ತ್ರದಲ್ಲಿ ಹಾಗೆಯೇ ಇದೆ ಎಂಬುದು ಇಬ್ಬರ ಮಾತೂ ಆಗಿತ್ತು. ಸಾಲಿನ ಕೊನೆಯ ಹುಡುಗಿಯೊಬ್ಬಳು ಕಾಲು ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ, ಕೊನೆಗೆ ಎದ್ದು ಕುಳಿತುಬಿಟ್ಟಳು. ಶಾಸ್ತ್ರದಲ್ಲಿ ನಿಜಕ್ಕೂ ಇರುವುದೇನು, ಇಂದು ಸರಿಯೆಂದು ಕಲಿಸಲಾಗುತ್ತಿರುವ ಪಾದವಿನ್ಯಾಸವು ಎಲ್ಲಿಂದ ಬಂದಿತು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

ಮೊದಲಿಗೆ ಹೆಸರಿನ ವಿಚಾರ. ಅಭ್ಯಾಸಿಯು ಪೂರ್ವಾಭಿಮುಖವಾಗಿ ಕುಳಿತಾಗ ಬೆನ್ನಿನ ಭಾಗವು ಪಶ್ಚಿಮವಾಗುತ್ತದೆ. ಹಿಮ್ಮಡಿಯಿಂದ ನೆತ್ತಿಯವರೆಗಿನ ಆ ಹಿಂಬದಿಯನ್ನು ಹಿಗ್ಗಿಸುವುದರಿಂದ ಪಶ್ಚಿಮತಾನ. ಪಶ್ಚಿಮೋತ್ತಾನ ಎಂಬ ರೂಪವೂ ಬಳಕೆಯಲ್ಲಿದೆ. ಹೆಸರಿನಲ್ಲಿ ಬೆನ್ನಿದೆಯೇ ಹೊರತು ಪಾದದ ಸುಳಿವಿಲ್ಲ.

ಹದಿನೈದನೆಯ ಶತಮಾನದಲ್ಲಿ ಸ್ವಾತ್ಮಾರಾಮನು ರಚಿಸಿದ ಹಠಯೋಗಪ್ರದೀಪಿಕೆಯು ಕಾಲುಗಳನ್ನು ನೆಲದ ಮೇಲೆ ಕೋಲಿನಂತೆ ಚಾಚಿ, ಎರಡೂ ಕೈಗಳಿಂದ ಪಾದಗಳ ತುದಿಯನ್ನು ಹಿಡಿದು, ಹಣೆಯನ್ನು ಮಂಡಿಯ ಮೇಲಿರಿಸಬೇಕೆಂದು ವಿಧಿಸುತ್ತದೆ. ಕೋಲುಗಳೆರಡರ ನಡುವೆ ಅಂತರವಿರಬೇಕೋ ಬೇಡವೋ ಎಂಬ ಬಗ್ಗೆ ಅದು ಮೌನವಾಗಿದೆ. ಇದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಹ್ಮಾನಂದನು ಬರೆದ ಜ್ಯೋತ್ಸ್ನಾ ವ್ಯಾಖ್ಯಾನವು ಒಂದು ಮುಖ್ಯವಾದ ಮಾತನ್ನು ಸೇರಿಸುತ್ತದೆ. ಹೆಬ್ಬೆರಳಿನ ಭಾಗವನ್ನು ಬಲವಾಗಿ ಸೆಳೆದು ಹಿಡಿಯುವಾಗ ಮಂಡಿಯ ಕೆಳಭಾಗವು ನೆಲ ಬಿಟ್ಟೇಳಬಾರದು. ವ್ಯಾಖ್ಯಾನಕಾರನು ಸ್ವತಃ ಅಭ್ಯಾಸವನ್ನು ಬಲ್ಲವನೆಂದು ನನಗೆ ಅನ್ನಿಸುವುದು ಇಂತಹ ಕಡೆಗಳಲ್ಲಿ. ಬಾಗಲಾಗದವನು ಮೊದಲು ಎತ್ತುವುದು ಮಂಡಿಯನ್ನೇ.

ಶಿವಸಂಹಿತೆಯ ಪಾಠ ಇದಕ್ಕಿಂತ ಭಿನ್ನ. ಅಲ್ಲಿ ಈ ಆಸನದ ಹೆಸರು ಉಗ್ರಾಸನ. ಚಾಚಿದ ಪಾದಗಳೆರಡೂ ಪರಸ್ಪರ ತಾಗದಂತೆ ಇರಬೇಕೆಂದು ಗ್ರಂಥವು ಸ್ಪಷ್ಟವಾಗಿಯೇ ಹೇಳುತ್ತದೆ. ಅಂತರ ಎಷ್ಟೆಂಬುದನ್ನು ಹೇಳುವುದಿಲ್ಲ. ಈ ಶ್ಲೋಕದಲ್ಲಿ ಕೈಗಳಿಂದ ಬಿಗಿಯಾಗಿ ಹಿಡಿಯಬೇಕಾದದ್ದು ಕಾಲನ್ನೋ ತಲೆಯನ್ನೋ ಎಂಬ ವಿಷಯದಲ್ಲಿಯೂ ಅನುವಾದಕರಲ್ಲಿ ಏಕಾಭಿಪ್ರಾಯವಿಲ್ಲ. ವಾಕ್ಯರಚನೆ ಎರಡಕ್ಕೂ ಎಡೆಗೊಡುತ್ತದೆ. ಶ್ರೀಶಚಂದ್ರ ವಸು ಅವರ ಇಂಗ್ಲಿಷ್ ಅನುವಾದದಲ್ಲಿ ಕೈಗಳು ತಲೆಯನ್ನು ಹಿಡಿಯುತ್ತವೆ.

ಇದೇ ವಸು ಅವರು ಘೇರಂಡಸಂಹಿತೆಯನ್ನೂ ಅನುವಾದಿಸಿದ್ದಾರೆ. ಘೇರಂಡನ ಮೂಲದಲ್ಲಿರುವುದು ಕೋಲಿನಂತೆ ಚಾಚಿದ ಕಾಲುಗಳು ಮಾತ್ರ. ಅನುವಾದದಲ್ಲಿ ಹಿಮ್ಮಡಿಗಳು ತಾಗದಿರಲಿ ಎಂಬ ಮಾತು ಆವರಣದೊಳಗೆ ಸೇರಿಕೊಂಡಿದೆ. ಶಿವಸಂಹಿತೆಯ ನೆನಪು ಅನುವಾದಕನ ಲೇಖನಿಯಲ್ಲಿ ಕೆಲಸ ಮಾಡಿರಬಹುದೆಂಬುದು ನನ್ನ ಊಹೆ. ಮೂಲವನ್ನು ನೋಡದೆ ಅನುವಾದವನ್ನಷ್ಟೇ ಓದಿದವನಿಗೆ ಆವರಣದ ಮಾತೂ ಶಾಸ್ತ್ರವಾಗಿಬಿಡುತ್ತದೆ. ಗರಗದಲ್ಲಿ ಗೇಣಂತರ ಬಿಡಿಸಿದ ಶಿಕ್ಷಕರ ಮಾತಿಗೆ ಇಷ್ಟರಮಟ್ಟಿಗೆ ಗ್ರಂಥಾಧಾರವಿದೆ.

ಪಾದ ಕೂಡಿಸಿದ ಶಿಕ್ಷಕರ ಮಾತೂ ನಿರಾಧಾರವಲ್ಲ. ಅದರ ಬೇರು ಹಠಯೋಗದ ಗ್ರಂಥಗಳಿಗಿಂತ ಹಿಂದಿನ ಪಾತಂಜಲ ಪರಂಪರೆಯಲ್ಲಿದೆ. ಯೋಗಸೂತ್ರದ ವ್ಯಾಸಭಾಷ್ಯವು ಆಸನಗಳ ಹೆಸರುಗಳನ್ನು ಎಣಿಸುವಾಗ ದಂಡಾಸನವನ್ನೂ ಹೇಳುತ್ತದೆ. ಅದನ್ನು ವಿವರಿಸುವ ವಾಚಸ್ಪತಿಮಿಶ್ರನು ಬೆರಳುಗಳು ಕೂಡಿರಬೇಕು, ಹರಡುಗಳು ಕೂಡಿರಬೇಕು, ಮೊಣಕಾಲಿನ ಕೆಳಭಾಗ, ತೊಡೆ ಮತ್ತು ಪಾದಗಳು ನೆಲಕ್ಕೆ ತಾಗಿರಬೇಕೆಂದು ಒಂದೊಂದಾಗಿ ಹೇಳುತ್ತಾನೆ. ಆದರೆ ಅದು ನೆಟ್ಟಗೆ ಕುಳಿತುಕೊಳ್ಳುವ ದಂಡಾಸನದ ಲಕ್ಷಣ. ಅಲ್ಲಿ ಬಾಗುವ ಮಾತಿಲ್ಲ. ಎರಡೂ ಕಡೆ ಕಾಲುಗಳಿಗೆ ಕೋಲಿನ ಹೋಲಿಕೆಯಿರುವುದರಿಂದ ದಂಡಾಸನದ ಪಾದವು ಪಶ್ಚಿಮತಾನಕ್ಕೂ ಸಂದಿರಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಪಾಠಗಳಲ್ಲಿ ಕೂಡಿಸಿದ ಪಾದವೇ ಗೆದ್ದಿತು. ಅದರ ಚರಿತ್ರೆ ಬಹುಮಟ್ಟಿಗೆ ಕರ್ನಾಟಕದ ಚರಿತ್ರೆಯೇ ಆಗಿದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಅವರ ಕನ್ನಡ ಗ್ರಂಥ 'ಯೋಗಮಕರಂದ' ಹೊರಬಂದಿತು. ಪಶ್ಚಿಮತಾನಾಸನಕ್ಕೆ ಹಲವು ಕ್ರಮಗಳಿವೆಯೆಂದೂ ಮೊದಲ ಕ್ರಮಕ್ಕೆ 16 ವಿನ್ಯಾಸಗಳೆಂದೂ ಅದರಲ್ಲಿ ಹೇಳಲಾಗಿದೆ. ಪೃಷ್ಠದ ಕೆಳಗಿನಿಂದ ಹಿಮ್ಮಡಿಯವರೆಗೆ ಕಾಲು ನೆಲಕ್ಕೆ ಒತ್ತಿರಬೇಕೆಂಬ ಅಲ್ಲಿನ ನಿಯಮವು ಜ್ಯೋತ್ಸ್ನಾದ ಮಾತಿಗಿಂತ ಒಂದು ಹೆಜ್ಜೆ ಮುಂದಿದೆ.

ಈ ಪುಸ್ತಕದ ನಿಜವಾದ ಹೊಸತನವಿರುವುದು ಅದರ ಛಾಯಾಚಿತ್ರಗಳಲ್ಲಿ. ಶ್ಲೋಕವು ಪಾದದ ವಿಷಯದಲ್ಲಿ ಸುಮ್ಮನಿರಬಲ್ಲದು. ಚಿತ್ರಕ್ಕೆ ಆ ಸೌಲಭ್ಯವಿಲ್ಲ. ಕ್ಯಾಮೆರಾದ ಮುಂದೆ ಕುಳಿತವನ ಪಾದಗಳು ಕೂಡಿರಬೇಕು ಇಲ್ಲವೇ ಬಿಟ್ಟಿರಬೇಕು. ನೋಡಿ ಕಲಿಯುವವನಿಗೆ ಅದೇ ವಿಧಿಯಾಗುತ್ತದೆ. ಪಠ್ಯದಲ್ಲಿ ಶತಮಾನಗಳ ಕಾಲ ಉಳಿದುಬಂದಿದ್ದ ಅನಿಶ್ಚಯವು ಅಚ್ಚಿನ ಚಿತ್ರದಲ್ಲಿ ಸದ್ದಿಲ್ಲದೆ ಇತ್ಯರ್ಥವಾಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ಧಾರವಾಡವು ಈ ಕಥನದೊಳಗೆ ಬರುವುದು 1936ರಲ್ಲಿ. ಆ ವರ್ಷ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದ ಕಡೆ ಪ್ರವಾಸ ಕೈಗೊಂಡು ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು ಆ ತಂಡದ ಕಿರಿಯ ಶಿಷ್ಯ. ಧಾರವಾಡದ ಮಹಿಳೆಯರು ತಮಗೂ ಆಸನಗಳನ್ನು ಕಲಿಸಬೇಕೆಂದು ಕೇಳಿದಾಗ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕಾಗಿಯೇ ಆ ಹೊಣೆ ಅವರ ಪಾಲಿಗೆ ಬಂದಿತು. ಮುಂದೆ ಜಗತ್ತಿಗೆ ಪಾಠ ಹೇಳಿದ ಗುರುವಿನ ಮೊದಲ ವಿದ್ಯಾರ್ಥಿಗಳಲ್ಲಿ ಧಾರವಾಡದ ಹೆಣ್ಣುಮಕ್ಕಳಿದ್ದರೆಂಬುದು ನಮ್ಮ ಪ್ರಾದೇಶಿಕ ಇತಿಹಾಸಗಳಲ್ಲಿ ದೊರೆಯಬೇಕಾದಷ್ಟು ಸ್ಥಳವನ್ನು ಪಡೆದಿಲ್ಲ.

ಆ ತರಗತಿಯ ಸಾಮಾಜಿಕ ಅರ್ಥವನ್ನು ಪಾದದ ದೃಷ್ಟಿಯಿಂದಲೂ ನೋಡಬೇಕಾಗುತ್ತದೆ. ಹಿರಿಯರ ಮುಂದೆ, ದೇವರ ಮುಂದೆ ಕಾಲು ಚಾಚಬಾರದೆಂಬುದು ನಮ್ಮಲ್ಲಿ ಮಗುವಿಗೂ ಗೊತ್ತಿರುವ ನಡವಳಿಕೆ. ಪರಪುರುಷನೊಬ್ಬನ ಎದುರು, ಅವನು ಹದಿನೇಳರ ಹುಡುಗನೇ ಆಗಿರಲಿ, ಸೀರೆಯುಟ್ಟ ಹೆಣ್ಣುಮಕ್ಕಳು ಕಾಲು ನೀಡಿ ಕುಳಿತುಕೊಳ್ಳುವುದು ಅಂದಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಅಂತಹ ತರಗತಿಗಳಲ್ಲಿ ಕೂಡಿಸಿದ ಪಾದವು ಶಾಸ್ತ್ರಕ್ಕೆ ಸಲ್ಲುವಷ್ಟೇ ಮರ್ಯಾದೆಗೂ ಸಲ್ಲುತ್ತಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಬೆಳಗಾವಿಯಲ್ಲಿ ಅಯ್ಯಂಗಾರರನ್ನು ಕಂಡ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರ ಮೂಲಕ 1937ರಲ್ಲಿ ಅವರಿಗೆ ಪುಣೆಗೆ ಕರೆ ಬಂದಿತು. 1966ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅವರ 'ಲೈಟ್ ಆನ್ ಯೋಗ' ಗ್ರಂಥವು ಈ ಆಸನಕ್ಕೆ ಉಗ್ರಾಸನವೆಂಬ ಹೆಸರೂ ಉಂಟೆಂದು ದಾಖಲಿಸುತ್ತದೆ. ಹೆಸರು ಶಿವಸಂಹಿತೆಯದು, ಚಿತ್ರದಲ್ಲಿ ಕಾಣುವ ಪಾದಗಳು ಮಾತ್ರ ಕೂಡಿದ ಪಾದಗಳು. ಕಾಲುಗಳನ್ನು ಅಗಲಿಸಿ ಬಾಗುವುದು ಅಲ್ಲಿ ಉಪವಿಷ್ಟಕೋಣಾಸನವೆಂಬ ಬೇರೆಯೇ ಆಸನವಾಗಿದೆ. ಇದೇ ಗುರುವಿನ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರು 1962ರಲ್ಲಿ ಕನ್ನಡದಲ್ಲಿಯೇ 'ಯೋಗಮಾಲಾ' ಪ್ರಕಟಿಸಿದರು. ಹೆಬ್ಬೆರಳನ್ನು ಹಿಡಿಯುವುದು, ಪಾದದ ಅಂಚನ್ನು ಹಿಡಿಯುವುದು, ಪಾದದಾಚೆ ಮಣಿಕಟ್ಟನ್ನು ಹಿಡಿಯುವುದು ಎಂಬ ಹಂತಗಳು ಅವರ ಪರಂಪರೆಯಲ್ಲಿ ಬೆಳೆದುಬಂದಿವೆ. ಅಲ್ಲಿ ಕೈಯ ಹಿಡಿತ ಬದಲಾಗುತ್ತ ಹೋಗುತ್ತದೆ, ಪಾದ ಕದಲುವುದಿಲ್ಲ.

ಹಾಗಾದರೆ ಸರಿಯಾದದ್ದು ಯಾವುದು? ಶರೀರದ ಕಡೆಯಿಂದ ನೋಡಿದರೆ ಅಂತರಕ್ಕಿಂತ ಪಾದದ ನಿಲುವೇ ಮುಖ್ಯವೆಂದು ತೋರುತ್ತದೆ. ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿಯಾಗಿದ್ದವನು ಬಾಗತೊಡಗಿದಾಗ ಪಾದಗಳು ಹೊರಕ್ಕೆ ವಾಲುತ್ತವೆ, ತೊಡೆ ಹೊರಳುತ್ತದೆ, ಮಂಡಿ ಏಳುತ್ತದೆ, ಸೊಂಟದ ಮೂಳೆ ಹಿಂದಕ್ಕೆ ಜಾರುತ್ತದೆ. ಆಗ ಬಾಗುವಿಕೆಯೆಲ್ಲ ಟೊಂಕದ ಬೆನ್ನುಮೂಳೆಯ ಪಾಲಿಗೆ ಬೀಳುತ್ತದೆ. ನೋವು ಹುಟ್ಟುವುದೂ ಅಲ್ಲಿಯೇ. ಹಿಮ್ಮಡಿಯ ನಡುಭಾಗ ನೆಲದ ಮೇಲಿದ್ದು, ಬೆರಳುಗಳು ಮೇಲ್ಮುಖವಾಗಿ, ಮಂಡಿಚಿಪ್ಪು ನೇರ ಆಕಾಶ ನೋಡುವಂತಿದ್ದರೆ ಈ ಸರಣಿ ಆರಂಭದಲ್ಲಿಯೇ ತಡೆಯಲ್ಪಡುತ್ತದೆ. ಕೆಲವರಿಗೆ ಇದು ಪಾದ ಕೂಡಿಸಿದಾಗ ಸಾಧ್ಯ; ತೊಡೆ ತುಂಬಿದವರಿಗೆ, ಸೊಂಟ ಅಗಲವಿರುವವರಿಗೆ ತುಸು ಅಂತರವಿದ್ದಾಗಲೇ ಸಾಧ್ಯ. ತಾಗದಿರಲಿ ಎಂದು ಹೇಳಿ ಅಳತೆ ಹೇಳದ ಶಿವಸಂಹಿತೆಯನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಬಾಗಿದಾಗ ಮಂಡಿ ಎದ್ದ ಮೇಲೆ ಪಾದ ಕೂಡಿದ್ದರೂ, ಬ್ರಹ್ಮಾನಂದನ ಲೆಕ್ಕದಲ್ಲಿ ಆಸನ ಸಿದ್ಧಿಸಿಲ್ಲ.

ಇಲ್ಲಿ ಗರಗದ ಸುತ್ತಿನ ಹಳ್ಳಿಗಳ ಒಂದು ದಿನಬಳಕೆಯ ದೃಶ್ಯವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಬಾಣಂತಿಯ ಮನೆಯಲ್ಲಿ ಕೂಸಿಗೆ ಎರೆಯುವ ಅಜ್ಜಿಯು ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಅವುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಕಾಲು ತೀರ ಬಿಗಿದು ಕೂಡಿಸಿದರೆ ಕೂಸಿಗೆ ತಗ್ಗು ಸಿಗದು. ಅಗಲ ಮಾಡಿದರೆ ಜಾರೀತು. ಪಾದ ಹೊರಕ್ಕೆ ವಾಲುವಂತಿಲ್ಲ, ಮಂಡಿ ಏಳುವಂತಿಲ್ಲ. ಮಣೆಯ ಎತ್ತರದಿಂದಾಗಿ ಸೊಂಟ ಹಿಂದಕ್ಕೆ ಜಾರದೆ ಆಕೆ ಬಹಳ ಹೊತ್ತು ಮುಂದಕ್ಕೆ ಬಾಗಿರಬಲ್ಲಳು. ಬಾಗಲಾಗದವರ ಪೃಷ್ಠದ ಕೆಳಗೆ ಇಂದಿನ ಯೋಗಶಿಕ್ಷಕರು ಮಡಿಸಿದ ಕಂಬಳಿಯನ್ನು ಇಡುವುದೂ ಇದೇ ಕಾರಣಕ್ಕೆ.

ಆ ದಿನದ ತರಗತಿ ಮುಗಿದ ಮೇಲೆ ಎದ್ದು ಕುಳಿತಿದ್ದ ಹುಡುಗಿಗೆ ಮಡಿಸಿದ ಜಮಖಾನೆಯೊಂದನ್ನು ಕೊಟ್ಟು ಅದರ ಮೇಲೆ ಕುಳ್ಳಿರಿಸಲಾಯಿತು. ಪಾದಗಳ ನಡುವೆ ಎರಡು ಬೆರಳಿನಷ್ಟು ಅಂತರ ಉಳಿದಿತ್ತು. ಮಂಡಿ ಏಳಲಿಲ್ಲ. ಶಿಕ್ಷಕರಿಬ್ಬರೂ ನೋಡುತ್ತ ನಿಂತಿದ್ದರು; ಈ ಸಲ ಯಾರೂ ತಿದ್ದಲಿಲ್ಲ.